ಮೂವತ್ತೆಂಟು ಸಾವಿರದ ಸ್ವಿಚ್ಚು

ತಿರ್ಲಾಪುರದ ಮೈಲಾರವ್ವ ಮೈದಡವಿ ಹೂಂ ಅಂದ ಟಗರು ಯಾವತ್ತೂ ಮೋಸ ಮಾಡಿಲ್ಲ ಎಂಬ ಮಾತು ನವಲಗುಂದ ಸುತ್ತಮುತ್ತ ಕುರಿ ಸಾಕುವವರ ಬಾಯಲ್ಲಿ ಇಪ್ಪತ್ತು ವರ್ಷಗಳಿಂದ ಇತ್ತು. ಅವಳ ಗಂಡ ಹೊಳೆಯಪ್ಪನಿಗೆ ಮೇಯಿಸುವುದಷ್ಟೇ ಗೊತ್ತು. ಕೊಳ್ಳುವುದು, ಮಾರುವುದು ಎಲ್ಲ ಇವಳದೇ. ಸಂತೆಗೆ ಹೋದರೆ ಮೊದಲು ದರ ಕೇಳುತ್ತಿರಲಿಲ್ಲ. ಟಗರಿನ ಸುತ್ತ ಒಂದು ಸುತ್ತು ಬಂದು, ಬಾಯಿ ತೆರೆಸಿ ಹಲ್ಲು ನೋಡಿ, ಬೆನ್ನೆಲುಬಿನ ಮೇಲೆ ಬೆರಳಾಡಿಸಿ, ಕೊನೆಗೆ ಮಾರುವವನ ಮುಖ ನೋಡುತ್ತಿದ್ದಳು. ಎತ್ತು ಕೊಳ್ಳುವವರು ಅವಳನ್ನು ಕರೆದೊಯ್ದರು, ಆಮೇಲೆ ಹೊಲಿಗೆ ಯಂತ್ರ ಕೊಳ್ಳುವವರು ಕರೆದೊಯ್ದರು, ಒಮ್ಮೆ ಹಿಟ್ಟಿನ ಗಿರಣಿಯ ಮೋಟರು ಕೊಳ್ಳುವವರೂ ಕರೆದೊಯ್ದರು. ಮೋಟರಿಗೆ ಹಲ್ಲಿಲ್ಲದಿದ್ದರೂ ಅದರ ಸದ್ದು ಕೇಳಿಯೇ "ಇದು ಕೆಮ್ಮತೈತಿ, ಬ್ಯಾಡ" ಅಂದಿದ್ದಳು. ಬೇಡವೆಂದ ಆ ಮೋಟರು ಕೊಂಡವನ ಬಳಿ ಆರು ತಿಂಗಳಲ್ಲಿ ಸುಟ್ಟುಹೋಗಿ, ಒಳಗಿನ ತಂತಿಯನ್ನೆಲ್ಲ ಹೊಸದಾಗಿ ಸುತ್ತಿಸಬೇಕಾಗಿತ್ತು.

ಹೀಗಾಗಿ ನವಲಗುಂದದ ಹೊರಗೆ, ಅಣ್ಣಿಗೇರಿ ರಸ್ತೆಯಲ್ಲಿ, ಆರುನೂರು ಮಂದಿ ರೈತರು ಸೇರಿ ಕಂಪನಿ ಕಟ್ಟಿಕೊಂಡು ಒಣಮೆಣಸಿನಕಾಯಿಗೆ ಶೀತಲ ಗೋದಾಮು ಎಬ್ಬಿಸಿದಾಗ, ಏಳು ಮಂದಿ ನಿರ್ದೇಶಕರಲ್ಲಿ ಮೈಲಾರವ್ವನೂ ಒಬ್ಬಳಾದಳು. ಸಭೆಯಲ್ಲಿ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಸಹಿಯ ಜಾಗದಲ್ಲಿ ತನ್ನ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದಳು.

ಜನವರಿಯ ಸಭೆಯಲ್ಲಿ ಮಾತು ಬಂದದ್ದು ಸ್ವಿಚ್ಚಿನ ಬಗ್ಗೆ.

ಗೋದಾಮಿನ ವಿದ್ಯುತ್ತು, ಉಪಕರಣಗಳೆಲ್ಲ ಗಂಗಾಳ ಜವಾಬ್ದಾರಿಯಲ್ಲಿದ್ದವು. ಎಪಿಎಂಸಿಯಲ್ಲಿ ಹಮಾಲಿ ಮಾಡುವ ಹುಚ್ಚಪ್ಪನ ಮಗಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದಳು, ಇಪ್ಪತ್ತೇಳು ವರ್ಷ. ಅವಳು ಬರೆದ ಖರ್ಚಿನ ಅಂದಾಜನ್ನು ಕಾರ್ಯದರ್ಶಿ ಓದಿದರು: "ಕೈಗಾರಿಕಾ ನೆಟ್‌ವರ್ಕ್ ಸ್ವಿಚ್, ಏಳು. ಒಂದಕ್ಕೆ ಮೂವತ್ತೆಂಟು ಸಾವಿರ. ಒಟ್ಟು ಎರಡು ಲಕ್ಷ ಅರವತ್ತಾರು ಸಾವಿರ."

"ಏನು?" ಎಂದರು ಗುಡದಪ್ಪ. ನಿರ್ದೇಶಕರಲ್ಲಿ ಎಲ್ಲರಿಗಿಂತ ಹೆಚ್ಚು ಹೊಲವಿದ್ದವರು, ಎಲ್ಲರಿಗಿಂತ ದೊಡ್ಡ ದನಿಯವರು. "ಒಂದ ಸ್ವಿಚ್ಚಿಗೆ ಮೂವತ್ತೆಂಟ ಸಾವಿರಾ? ನಮ್ಮ ಮನ್ಯಾಗ ಅರವತ್ತ ರೂಪಾಯಿ ಕೊಟ್ಟು ಹಾಕಿಸೇನಿ, ಹತ್ತ ವರ್ಷ ಆತು, ಟಕ್ ಅಂದ್ರ ಲೈಟ್ ಹತ್ತತೈತಿ!"

ಎಲ್ಲರೂ ನಕ್ಕರು. ಗಂಗಾ ಎದ್ದು ನಿಂತಳು. "ಅದು ಗ್ವಾಡಿಗೆ ಹಾಕೂ ಸ್ವಿಚ್ ಅಲ್ರಿ. ನಾಕೂ ಕ್ವಾಣಿಯಿಂದ ಎಷ್ಟ ಥಂಡಿ ಐತಿ ಅನ್ನೂ ಸುದ್ದಿ ವಾಯರ್‌ನ್ಯಾಗ ಬರತೈತಲ್ರಿ, ಆ ಎಲ್ಲಾ ವಾಯರ್ ಕೂಡಿಸಿ, ಯಾವ ಸುದ್ದಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳಸೂ ಡಬ್ಬಿರಿ ಅದು."

"ಅಂಥಾ ಡಬ್ಬಿ ಈಗ ಅದಾವಲ್ಲ? ಎರಡ ಸಾವಿರದ್ದು?"

"ಅದಾವ್ರಿ. ಮೂರ ವರ್ಷದಾಗ ಐದು ಸತ್ತಾವು. ಹ್ವಾದ ಮೇ ತಿಂಗಳ—"

"ಸತ್ತ್ರ ಮತ್ತೊಂದ ಎರಡ ಸಾವಿರ ಕೊಟ್ರ ಆತು." ಗುಡದಪ್ಪ ಕುರ್ಚಿಗೆ ಒರಗಿದರು. "ಹೊಸಾದ್ರಾಗ ಅಂಥಾದ್ದೇನೈತಿ? ಯಾರಿಗೆ ಎಷ್ಟ ಕಮಿಷನ್ ಐತಿ, ಅದನ್ನಷ್ಟ ಹೇಳ್ರಿ."

ಈ ಸಲ ಯಾರೂ ನಗಲಿಲ್ಲ. ಗಂಗಾ ಕೈಯಲ್ಲಿದ್ದ ಕಾಗದವನ್ನು ಮಡಚಿ ಹಿಡಿದಳು. ಅಧ್ಯಕ್ಷರು ಕೆಮ್ಮಿ, "ಮುಂದಿನ ಸಭಾಕ್ಕ ಇಡೂಣು" ಎಂದರು.

ಮೈಲಾರವ್ವ ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಸಂತೆಯಲ್ಲಿ ವಾರಕ್ಕೆ ಹತ್ತು ನೋಡುತ್ತಿದ್ದಳು. ಇದು ಆ ಮುಖವಲ್ಲ. ಆದರೆ ಮುಖ ನೋಡಿ ಎರಡು ಲಕ್ಷ ಕೊಡಲಾಗುವುದಿಲ್ಲ.

"ಮುಂದಿನ ಸಭಾ ಅಂದ್ರ ತಿಂಗಳಾತು," ಎಂದಳು. "ಅಷ್ಟರಾಗ ಚೀಲ ಬರಾಕ ಹತ್ತತಾವು. ಹದಿನೈದ ದಿನಾ ಕೊಡ್ರಿ. ಆ ಮಾಲು ನಾ ನೋಡಿ ಬರತೀನಿ."

"ನೀವು?" ಗುಡದಪ್ಪ ಹುಬ್ಬೇರಿಸಿದರು. "ಅದೇನ್ ಟಗರ ಅಲ್ಲ, ಮೈಲಾರವ್ವ."

"ಟಗರ ಅಲ್ಲಂತ ನನಗೂ ಗೊತ್ತೈತ್ರಿ. ರೊಕ್ಕಾ ಕೊಟ್ಟು ತರೂದು ಹೌದಲ್ಲ?"

ಅಧ್ಯಕ್ಷರು ಹೂಂ ಅಂದರು.

ಸಭೆ ಮುಗಿದ ಮೇಲೆ ಗಂಗಾ ಬಾಗಿಲಲ್ಲಿ ಕಾದಿದ್ದಳು. "ಅವ್ವಾರ, ಯಾವಾಗ ಹುಬ್ಬಳ್ಳಿಗೆ ಹೋಗೂದ್ರಿ?"

"ಹುಬ್ಬಳ್ಳಿ ಆಮ್ಯಾಲ. ಮೊದಲ ಅದು ಎಲ್ಲಿ ಬಾಳೇ ಮಾಡ್ಬೇಕೋ ಆ ಜಾಗಾ ತೋರಸ್ ನನಗ."

ಗಂಗಾ ಅವಳನ್ನು ಯಂತ್ರದ ಕೋಣೆಗೆ ಕರೆದೊಯ್ದಳು. ಗೋದಾಮು ಎದ್ದ ನಾಲ್ಕು ವರ್ಷಗಳಲ್ಲಿ ಮೈಲಾರವ್ವ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಚೀಲ ಇಡುವ ತಣ್ಣನೆಯ ಕೋಣೆಗಳನ್ನಷ್ಟೇ ನೋಡಿದ್ದಳು. ಒಂದು ಕಡೆ ಅಷ್ಟು ತಂಪು ಮಾಡಲು ಇನ್ನೊಂದು ಕಡೆ ಇಷ್ಟು ಬಿಸಿ ಉಗುಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಕಂಪ್ರೆಸರುಗಳು ಓಡುತ್ತಿದ್ದರೆ ನೆಲ ಅಂಗಾಲಿನಡಿ ನಡುಗುತ್ತಿತ್ತು. ಗಾಳಿಯಲ್ಲಿ ಒಂದು ಖಾರವಾದ ವಾಸನೆ. ಕಣ್ಣಲ್ಲಿ ನೀರು ಬಂತು.

"ಅಮೋನಿಯಾ ರಿ," ಎಂದಳು ಗಂಗಾ. "ಥಂಡಿ ಮಾಡೂದು ಅದ. ಎಷ್ಟ ಬಂದೋಬಸ್ತ್ ಮಾಡಿದ್ರೂ ಒಂಚೂರು ಸೋರತೈತಿ. ತಾಮ್ರಕ್ಕ ಅದು ದುಶ್ಮನ್."

ಗೋಡೆಗೆ ಬಡಿದ ಕಬ್ಬಿಣದ ಪೆಟ್ಟಿಗೆಯೊಂದರ ಬಾಗಿಲು ತೆರೆದಳು. ಒಳಗೆ ಬಣ್ಣಬಣ್ಣದ ವಾಯರು, ನಡುವೆ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಡಬ್ಬಿ. ಮೈಲಾರವ್ವ ವಾಯರುಗಳಿಗೆ ತಾಗದಂತೆ ಒಳಗೆ ಕೈ ಹಿಡಿದು ನೋಡಿದಳು. ರೊಟ್ಟಿ ಬೇಯುವ ಹಂಚಿನ ಬಾಜು ಕೂತಂತಿತ್ತು. ಹೊರಗೆ ಇನ್ನೂ ಚಳಿಗಾಲ.

"ಬ್ಯಾಸಗ್ಯಾಗ?"

"ಹ್ವಾದ ವರ್ಷ ಅಳದಿದ್ದೆ. ಅರವತ್ತ ಡಿಗ್ರಿ. ಈ ಡಬ್ಬಿ ತಯಾರ ಮಾಡಿದವರು ನಲ್ವತ್ತರ ಮ್ಯಾಲ ಬ್ಯಾಡ ಅಂತ ಅದರ ಮ್ಯಾಲ ಬರದಾರ್ರಿ."

ಸತ್ತ ಐದು ಡಬ್ಬಿಗಳನ್ನು ಗಂಗಾ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದಳು. ಒಂದೊಂದರ ಮೇಲೂ ಕೂರಿಸಿದ ದಿನ, ಸತ್ತ ದಿನ. ಹನ್ನೊಂದು ತಿಂಗಳು. ಏಳು ತಿಂಗಳು. ಒಂದು ಮಾತ್ರ ಹದಿನಾಲ್ಕು. ಒಂದನ್ನು ಬಿಚ್ಚಿ ತೋರಿಸಿದಳು: ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು, ಸಣ್ಣ ಸಣ್ಣ ಪಾತ್ರೆಗಳಂಥ ಬಿಡಿಭಾಗಗಳ ನೆತ್ತಿ ಉಬ್ಬಿಹೋಗಿತ್ತು.

"ಹ್ವಾದ ಮೇದಾಗ ಸತ್ತದ್ದು ಯಾವ್ದು?"

ಗಂಗಾ ಕೆಳಗಿನಿಂದ ಒಂದನ್ನು ತೆಗೆದುಕೊಟ್ಟಳು. ಮೈಲಾರವ್ವ ಅದನ್ನು ಬಹಳ ಹೊತ್ತು ಹಿಡಿದುಕೊಂಡಳು. ಅದು ಸತ್ತಾಗ ಪರದೆಯ ಮೇಲೆ ಮೂರನೆಯ ಕೋಣೆಯ ಅಂಕಿ ಆರು ಡಿಗ್ರಿಯಲ್ಲೇ ನಿಂತುಬಿಟ್ಟಿತ್ತು. ತಂಪು ಸಾಕೆಂದು ಯಂತ್ರ ತಾನೇ ನಿಂತು, ಒಳಗೆ ಇಪ್ಪತ್ತೆರಡು ದಾಟಿದ್ದು ಒಂದೂವರೆ ದಿನ ಯಾರಿಗೂ ತಿಳಿಯಲಿಲ್ಲ. ಎಂಟುನೂರು ಚೀಲ ಮೆಣಸಿನಕಾಯಿ ಬೆವೆತು, ಕೆಂಪು ಬಣ್ಣ ಮಂಕಾಗಿ, ಖರೀದಿದಾರರು ಮೂಸಿ ನೋಡಿ ಮುಖ ತಿರುಗಿಸಿದ್ದರು. ಅದರಲ್ಲಿ ನಲವತ್ತು ಚೀಲ ಮೈಲಾರವ್ವನವು.

"ಇದ ಅಂತ ಆವತ್ತ ಯಾಕ ಹೇಳ್ಲಿಲ್ಲ ಬೇ?"

"ಬರದ ಕೊಟ್ಟಿದ್ದೆರಿ. ಮಷೀನ್ ಖರಾಬ್ ಅಂತ ಒಂದ ಸಾಲು ಹಾಕಿ ಮುಚ್ಚಿಬಿಟ್ರು."

ಮೂರು ದಿನ ಬಿಟ್ಟು ಇಬ್ಬರೂ ಹುಬ್ಬಳ್ಳಿ ಬಸ್ಸು ಹತ್ತಿದರು. ಕಾರ್ಖಾನೆಗಳಿಗೆ ವಿದ್ಯುತ್ ಸಾಮಾನು ಮಾರುವ ಇಸ್ರಾರ್‌ನ ಅಂಗಡಿ ಗೋಕುಲ ರೋಡಿನ ಒಂದು ಗಲ್ಲಿಯಲ್ಲಿತ್ತು. ಐವತ್ತು ದಾಟಿದ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡೇ ಅದನ್ನು ಹುಡುಕುವ ಮನುಷ್ಯ. "ಬರ್ರಿ ಅವ್ವಾ, ಕುಂದರ್ರಿ" ಎಂದು ಕುರ್ಚಿ ಎಳೆದ.

ಮೈಲಾರವ್ವ ಕೂರಲಿಲ್ಲ. ಎರಡು ಸಾವಿರದ್ದನ್ನು ಎಡಗೈಯಲ್ಲಿ, ಮೂವತ್ತೆಂಟು ಸಾವಿರದ್ದನ್ನು ಬಲಗೈಯಲ್ಲಿ ಇಡಿಸಿಕೊಂಡಳು. ಎಡಗೈಯಲ್ಲಿ ಏನೂ ಇಲ್ಲದಂತಿತ್ತು. ಬಲಗೈಯದು ಲೋಹದ್ದು, ಮೈ ತುಂಬ ಏಣು ಏಣು. ಗಾಳಿಯಾಡುವ ಒಂದು ತೂತೂ ಇರಲಿಲ್ಲ.

"ಇದಕ್ಕ ಉಸಿರಾಡಾಕ ಕಿಂಡಿನ ಇಲ್ಲಲ್ಲೋ ತಮ್ಮಾ."

"ಇಲ್ರಿ. ಕಿಂಡಿ ಇದ್ರ ಧೂಳ ಹೋಗತೈತಿ, ಹಸಿ ಹೋಗತೈತಿ. ಇದರ ಮೈನ ಬಿಸಿ ಹೊರಗ ಹಾಕತೈತಿ. ಅದಕ್ಕ ಏಣು ಬಿಟ್ಟಾರ." ಇಸ್ರಾರ್ ಅದನ್ನು ತಿರುಗಿಸಿ ತೋರಿಸಿದ. "ಕರೆಂಟ್ ಎರಡ ಕಡಿಂದ ಕೊಡಬಹುದು, ಒಂದ ಹ್ವಾದ್ರ ಇನ್ನೊಂದು. ಒಳಗಿನ ಹಲಗಿಗೆ ಮೆರಗು ಹಚ್ಚಿರತಾರ, ನಿಮ್ಮ ಅಮೋನಿಯಾ ತಾಮ್ರಾ ಮುಟ್ಟಬಾರದು ಅಂತ. ಎಪ್ಪತ್ತೈದ ಡಿಗ್ರಿ ತನಕ ತಡೀತೈತಿ. ಪ್ರತಿಯೊಂದನ್ನೂ ಬಿಸಿ ಪೆಟಿಗ್ಯಾಗಿಟ್ಟು, ಅಲುಗಾಡಿಸಿ, ಪಾಸ್ ಆದದ್ದನ್ನಷ್ಟ ಹೊರಗ ಬಿಡ್ತಾರ."

"ಹಂಗಂದ್ರ ನಪಾಸ್ ಆದದ್ದರ ಖರ್ಚೂ ನಾವ ಕೊಡಬೇಕ?"

ಇಸ್ರಾರ್ ತಲೆ ಮೇಲಿನ ಕನ್ನಡಕ ಇಳಿಸಿ ಅವಳನ್ನು ಸರಿಯಾಗಿ ನೋಡಿದ. "ಹೌದ್ರಿ. ಅದೂ ಇದರಾಗ ಐತಿ. ಇನ್ನೂ ಒಂದ ಐತಿ. ಆಫೀಸಿನ ಡಬ್ಬಿ ಲಕ್ಷಗಟ್ಟಲೆ ಮಾಡ್ತಾರ, ಇವು ಸಾವಿರದ ಲೆಕ್ಕದಾಗ. ಕಡಿಮಿ ಮಾಡಿದ್ರ ಒಂದೊಂದಕ್ಕ ಬೀಳೂ ಖರ್ಚು ಹೆಚ್ಚ. ಸುಳ್ಳ ಹೇಳೂದಿಲ್ಲ."

"ಇದರಾಗ ನಿನ್ನ ಪಾಲೆಷ್ಟು?"

"ಮೂರೂವರಿ ಸಾವಿರ."

"ಈ ಹುಡುಗಿ ಪಾಲು?"

ಪಕ್ಕದಲ್ಲಿ ನಿಂತಿದ್ದ ಗಂಗಾಳ ಮುಖ ಕಪ್ಪಿಟ್ಟಿತು. ಇಸ್ರಾರ್ ಹೇಳಿದ: "ಅವ್ವಾ, ಇವ್ರು ಎರಡ ಸಲ ಬಂದಾರ. ಚಹಾ ತರಸ್ತೀನಿ ಅಂದೆ, ಎರಡೂ ಸಲ ಬ್ಯಾಡ ಅಂದ್ರು. ದರದ ಚೀಟಿ ಕಂಪನಿ ಹೆಸರಲೆ ಕೊಡ್ರಿ, ನನ್ನ ಹೆಸರ ಬರೀಬ್ಯಾಡ್ರಿ ಅಂದ್ರು. ನನ್ನ ಅಂಗಡ್ಯಾಗ ಅಂಥಾವ್ರು ಭಾಳ ಮಂದಿ ಬರೂದಿಲ್ಲ."

ಅಂಗಡಿಯಿಂದ ಹೊರಗೆ ಬಂದ ಮೇಲೆ ಗಂಗಾ ತಡೆದುಕೊಳ್ಳಲಾರದೆ ಕೇಳಿದಳು: "ನೀವೂ ಹಂಗ ತಿಳಕೊಂಡ್ರೇನ್ರಿ ಅವ್ವಾರ?"

"ನಾ ತಿಳಕೊಳ್ಳಿಲ್ಲ. ಕೇಳಿದೆ." ಮೈಲಾರವ್ವ ನಿಂತು ಅವಳತ್ತ ತಿರುಗಿದಳು. "ನಾಳಿ ಗುಡದಪ್ಪ, ನೀ ಕೇಳಿ ನೋಡಿದ್ಯೇನು ಅಂದ್ರ, ಇಲ್ಲ, ನನಗ ಹಂಗ ಅನಸ್ತು ಅಂತ ಹೇಳ್ಲ್ಯಾ? ಈಗ ಕೇಳೇನಿ. ಇನ್ನ ನಿನ್ನ ಮ್ಯಾಲ ಯಾರರ ಬೆರಳ ಎತ್ತಿದ್ರ ನಾ ಸುಮ್ನ ಕುಂದ್ರೂದಿಲ್ಲ."

ರಸ್ತೆ ದಾಟುವಾಗ ಗಂಗಾ ಮೈಲಾರವ್ವನ ಕೈಚೀಲವನ್ನು ತಾನು ತೆಗೆದುಕೊಂಡಳು.

ಅಂಗಡಿ ಬಿಡುವ ಮುನ್ನ ಮೈಲಾರವ್ವ ಇಸ್ರಾರ್‌ನಿಂದ ಇನ್ನೊಂದು ಸಂಗತಿ ಕಿತ್ತುಕೊಂಡಿದ್ದಳು: ಇಂಥದ್ದೇ ಸ್ವಿಚ್ಚನ್ನು ಹಿಂದೆ ಕೊಂಡವರ ವಿಳಾಸ. "ಹೊಸಾದ್ದು ನೋಡಿ ಏನ್ ತಿಳೀತೈತಿ? ಹಳೇದಾದದ್ದು ತೋರಸು" ಎಂದಿದ್ದಳು. ಅವನು ಫೋನು ಮಾಡಿ, ಎರಡು ಕಿಲೋಮೀಟರು ದೂರದ ಒಂದು ಎರಕದ ಕಾರ್ಖಾನೆಗೆ ಕಳಿಸಿದ್ದ.

ಅಲ್ಲಿ ವಿದ್ಯುತ್ ವಿಭಾಗ ನೋಡಿಕೊಳ್ಳುತ್ತಿದ್ದ ಜಹೀರಾ ಇಬ್ಬರ ತಲೆಗೂ ಹಳದಿ ಟೊಪ್ಪಿಗೆ ಹಾಕಿಸಿ ಒಳಗೆ ಕರೆದೊಯ್ದಳು. ಕುಲುಮೆಯಲ್ಲಿ ಕಬ್ಬಿಣ ಕರಗಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅದರಿಂದ ಹದಿನೈದು ಮಾರು ದೂರದ ಕಂಬದ ಮೇಲೊಂದು ಪೆಟ್ಟಿಗೆ. ಬಾಗಿಲು ತೆರೆದರೆ ಒಳಗಿದ್ದ ಸ್ವಿಚ್ಚಿನ ಮೇಲೆ ಮಸಿ ದಪ್ಪಗೆ ಕೂತಿತ್ತು. ಅದರಡಿಯಿಂದ ಹಸಿರು ದೀಪಗಳು ಚಕಚಕ ಮಿನುಗುತ್ತಿದ್ದವು. ಪೆಟ್ಟಿಗೆಯ ಬಾಗಿಲಿಗೆ ಬಿಳಿ ಬಣ್ಣದಲ್ಲಿ ಯಾರೋ ಇಸವಿ ಬರೆದಿದ್ದರು: ೨೦೧೬.

"ನಾ ಕೆಲಸಕ್ಕ ಸೇರಿ ಆರ ವರ್ಷ ಆತ್ರಿ," ಎಂದಳು ಜಹೀರಾ. "ಇದನ್ನ ಒಮ್ಮಿನೂ ಬಿಚ್ಚಿಲ್ಲ. ಇದರಕಿಂತ ಮೊದಲ ಸಾದಾ ಹಾಕತಿದ್ರಂತ. ಹನ್ನೆರಡ ಸತ್ತದ್ದು ಇನ್ನೂ ಕಪಾಟಿನ್ಯಾಗ ಅದಾವು."

ಮೈಲಾರವ್ವ ಮುಂದೆ ಬಾಗಿ ಆ ಮಸಿ ಹಿಡಿದ ಮೈಯನ್ನು ಮುಟ್ಟಿದಳು. ಬೆಚ್ಚಗಿತ್ತು, ಒಂದೇ ಸಮನೆ ಬೆಚ್ಚಗೆ. ಎಂಟು ಸಲ ಈದರೂ ಮಂದೆಯ ಮುಂದೆ ನಡೆಯುವ ಕುರಿಯ ಮೈಯಂತೆ ಅನಿಸಿತು ಅವಳಿಗೆ. ಏಕೋ ಹೆಮ್ಮೆಯಾಯಿತು, ಅದು ತನ್ನದಲ್ಲದಿದ್ದರೂ.

"ಇದರದ್ದೊಂದ ಖೋಡಿ ಹೇಳವಾ," ಎಂದಳು. "ಮಾರಾವ ಹೇಳೂದಿಲ್ಲ, ನೀ ಹೇಳು."

ಜಹೀರಾ ನಕ್ಕಳು. "ಐತ್ರಿ. ಅರ್ಥಿಂಗ್ ನೆಟ್ಟಗಿಲ್ಲ ಅಂದ್ರ, ಸಿಡಿಲ ಬಡದ್ರ, ಇದೂ ಹೋಗತೈತಿ. ತುಟ್ಟಿ ಮಾಲು ಅಂತ ಅದಕ್ಕೇನ್ ಸಾವಿಲ್ಲ ಅಂತಲ್ಲ. ಮತ್ತ ಎಲ್ಲಾ ಕಡೆ ಇದನ್ನ ಹಾಕೂದು ಬ್ಯಾಡ. ನಮ್ಮ ಆಫೀಸಿನ್ಯಾಗ ಸಾದಾನ ಐತಿ, ಫ್ಯಾನಿನ ಕೆಳಗ ಆರಾಮ ಕುಂತೈತಿ."

ಹೊರಗೆ ಬಂದು, ಒಂದು ಬೇವಿನ ಗಿಡದಡಿ ಬುತ್ತಿ ಬಿಚ್ಚಿದರು. ರೊಟ್ಟಿ ಮುರಿಯುತ್ತ ಮೈಲಾರವ್ವ ಕೇಳಿದಳು: "ಏಳಕ್ಕ ಏಳೂ ಬೇಕೇನ ಗಂಗಾ?"

ಗಂಗಾ ತುತ್ತು ಕೈಯಲ್ಲಿ ಹಿಡಿದೇ ಯೋಚಿಸಿದಳು. "ಯಂತ್ರದ ಕ್ವಾಣಿಗೆ ಬೇಕ ಬೇಕು. ಚೀಲದ ಕ್ವಾಣಿಗಳ ಹೊರಗಿನ ನಾಕಕ್ಕೂ ಬೇಕು, ಅಲ್ಲಿ ಹಸಿ ಭಾಳ. ಆಫೀಸು, ತೂಕದ ಕ್ವಾಣಿ ಎರಡಕ್ಕ..." ತಲೆ ತಗ್ಗಿಸಿದಳು. "ಎರಡಕ್ಕ ಬ್ಯಾಡ್ರಿ. ಎಲ್ಲಾ ಒಂದ ನಮೂನಿ ಇದ್ರ ನನಗ ಕೆಲಸ ಹಗುರ ಅಂತ ಬರದ್ನಿ. ತಪ್ಪಾತು."

"ತಪ್ಪಲ್ಲ. ಆದ್ರ ಅದನ್ನ ಗುಡದಪ್ಪ ಹುಡುಕಿದ್ರ ಏಳಕ್ಕ ಏಳೂ ಸುಳ್ಳ ಆಗತಿದ್ದವು. ನಾವ ಹುಡುಕಿದ್ವಿ, ಆತಲ್ಲ. ಉಣ್ಣು."

ಮಧ್ಯಾಹ್ನ ಮತ್ತೆ ಇಸ್ರಾರ್‌ನ ಅಂಗಡಿಯಲ್ಲಿ ಮೈಲಾರವ್ವ ಕುರ್ಚಿಯ ಮೇಲೆ ಕೂತಳು; ಕೂತಳೆಂದರೆ ಚೌಕಾಸಿ ಶುರು ಎಂದು ಅವಳನ್ನು ಬಲ್ಲವರಿಗೆ ಗೊತ್ತು. ಅವಳು ದರದ ಹಿಂದೆ ಬೀಳಲಿಲ್ಲ. ಅರ್ಧಕ್ಕೆ ಕೇಳುತ್ತಾಳೆಂದು ಕಾದಿದ್ದ ಇಸ್ರಾರ್‌ಗೆ ಆಶ್ಚರ್ಯವಾಯಿತು. ಐದು ವರ್ಷದೊಳಗೆ ಕೆಟ್ಟರೆ ಬದಲು ಕೊಡುವುದನ್ನು ಬರೆದು ಕೊಡಬೇಕು ಎಂದಳು. ಸ್ವಿಚ್ಚು ತಯಾರಿಸುವ ಕಂಪನಿಯೇ ಅದನ್ನು ಕೊಡುತ್ತದೆ ಎಂದನವನು. "ಕಂಪನಿಯಿಂದ ಬದಲಿ ಬರಾಕ ಎಷ್ಟ ದಿನ?" "ಇಪ್ಪತ್ತ ದಿನ." "ಆ ಇಪ್ಪತ್ತ ದಿನಾ ನಮ್ಮ ಮೆಣಸಿನಕಾಯಿ ಏನ್ ಮಾಡಬೇಕು?"

ಒಂದು ತಾಸಿನ ಮಾತುಕತೆಯ ಕೊನೆಗೆ ಹೀಗಾಯಿತು: ಐದು ಸ್ವಿಚ್ಚು, ಒಂದಕ್ಕೆ ಮೂವತ್ತಾರು ಸಾವಿರ, ಇನ್ನೊಂದನ್ನು ಇಸ್ರಾರ್ ತನ್ನ ಅಂಗಡಿಯಲ್ಲೇ ಇವರ ಹೆಸರಿನಲ್ಲಿ ಎತ್ತಿಡಬೇಕು, ಫೋನು ಮಾಡಿದ ದಿನವೇ ಕಳಿಸಬೇಕು, ಅದಕ್ಕೆ ಬಿಡಿಗಾಸಿಲ್ಲ. ಕಚೇರಿಗೂ ತೂಕದ ಕೋಣೆಗೂ ಸಾದಾ ಡಬ್ಬಿ. ಉಳಿದದ್ದರಲ್ಲಿ ಅರ್ಥಿಂಗ್ ಹೊಸದಾಗಿ ಮಾಡಿಸುವುದು.

"ಅವ್ವಾ, ಇಪ್ಪತ್ತೆಂಟ ವರ್ಷದಾಗ ನನ್ನ ಮಾಲಿನ ಮ್ಯಾಲ ಇಷ್ಟ ಪ್ರಶ್ನಿ ಯಾರೂ ಕೇಳಿಲ್ಲ," ಎಂದ ಇಸ್ರಾರ್, ಸೋತವನ ನಗೆ ನಗುತ್ತ. ಈ ಸಲ ಚಹಾ ಬಂತು. ಮೈಲಾರವ್ವ ಹೂಂ ಅಂದ ಮೇಲೆ ಗಂಗಾಳೂ ಕುಡಿದಳು.

ಸಭೆಯ ದಿನ ಮೈಲಾರವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಅಂಗಡಿಯಿಂದ ಮಾದರಿಗೆಂದು ತಂದ ಎರಡೂ ಬಗೆಯ ಸ್ವಿಚ್ಚುಗಳನ್ನು ಮೇಜಿನ ಮೇಲಿಟ್ಟು, ಗುಡದಪ್ಪರ ಕೈಗೆ ಒಂದೊಂದನ್ನು ಕೊಟ್ಟಳು.

"ತೂಕ ನೋಡಿ ರೊಕ್ಕಾ ಕೊಡೂದೇನು?" ಎಂದರವರು.

"ತೂಕ ನೋಡಿ ತಗೊಳ್ಳೂದಾದ್ರ ಕಲ್ಲ ತಗೊಂಡ ಬರತಿದ್ನಿ. ಏಳ್ರಿ, ಇಲ್ಲಿ ಫ್ಯಾನಿನ ಕೆಳಗ ಕುಂತ್ರ ಅದರ ಕಿಮ್ಮತ್ತು ತಿಳಿಯೂದಿಲ್ಲ. ನಡೀರಿ, ಹೋಗೂಣು."

ಏಳೂ ನಿರ್ದೇಶಕರು, ಹಿಂದೆ ಕಾರ್ಯದರ್ಶಿ, ಯಂತ್ರದ ಕೋಣೆಗೆ ನಡೆದರು. ಹೆಚ್ಚಿನವರು ಅದನ್ನು ಉದ್ಘಾಟನೆಯ ದಿನ ನೋಡಿದ್ದೇ ಕೊನೆ. ಒಳಗೆ ಹೋದ ಎರಡು ನಿಮಿಷಕ್ಕೇ ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದರು. ಮೈಲಾರವ್ವ ಪೆಟ್ಟಿಗೆಯ ಮುಂದೆ ಗುಡದಪ್ಪರನ್ನು ನಿಲ್ಲಿಸಿದಳು.

"ವಾಯರ್ ಮುಟ್ಟದಾಂಗ ಇದರಾಗ ಕೈ ಹಿಡೀರಿ, ಸಾವಕಾರ್ರ. ನಾ ನೂರ ಎಣಸ್ತೀನಿ."

ಗುಡದಪ್ಪ ಕೈ ಒಳಗೆ ಚಾಚಿದರು. ಮೂವತ್ತರ ಹೊತ್ತಿಗೆ ಹಣೆಯಲ್ಲಿ ಬೆವರು ಬಂತು. ನಲವತ್ತೈದಕ್ಕೆ ಕೆಮ್ಮು ಹತ್ತಿತು. ಅರವತ್ತಕ್ಕೆ ಕೈ ಎಳೆದುಕೊಂಡು ಕಣ್ಣೊರೆಸಿಕೊಂಡರು.

"ಇದು ಥಂಡಿ ದಿನದಾಗ," ಎಂದಳು ಮೈಲಾರವ್ವ. "ಅದು ಬ್ಯಾಸಗ್ಯಾಗ, ಹಗಲೂ ರಾತ್ರಿ, ವರ್ಷಾನುಗಟ್ಟಲೆ ಇದರಾಗ ಇದ್ದು, ಒಂದ ಸಲಾನೂ ಸುಳ್ಳ ಸುದ್ದಿ ಹೇಳಬಾರದು. ಆ ತಾಕತ್ತಿಗೆ ಮೂವತ್ತಾರ ಸಾವಿರ. ಹ್ವಾದ ವರ್ಷ ಎರಡ ಸಾವಿರದ್ದು ಸತ್ತು ಎಂಟನೂರ ಚೀಲ ಕೆಡಿಸ್ತು. ಸಾದಾದ್ದು ಸೋವಿ ಅಂದ್ರ್ಯಲ್ಲ, ನನ್ನ ನಲ್ವತ್ತ ಚೀಲದ ಮುಂದ ನಿಂತು ಇನ್ನೊಮ್ಮಿ ಅನ್ರಿ."

"ಉಳಿದದ್ದನ್ನ ಗಂಗಾ ಹೇಳ್ತಾಳ," ಎಂದು ಮೈಲಾರವ್ವ ಹಿಂದೆ ಸರಿದಳು.

ಗಂಗಾ ಹೇಳಿದಳು. ಮೊದಲೆರಡು ವಾಕ್ಯ ತಡವರಿಸಿದಳು. ಆಮೇಲೆ ದನಿ ತನ್ನ ದಾರಿ ಹಿಡಿಯಿತು. ಐದೂ ಸ್ವಿಚ್ಚುಗಳನ್ನು ಬಳೆಯಂತೆ ಸುತ್ತು ಜೋಡಿಸಿದರೆ ಒಂದು ಕಡೆ ವಾಯರು ತುಂಡಾದರೂ ಸುದ್ದಿ ಇನ್ನೊಂದು ಕಡೆಯಿಂದ ಬರುತ್ತದೆ, ಅಂಕಿ ನಿಂತುಹೋದರೆ ಗಂಟೆ ಹೊಡೆಯುತ್ತದೆ ಎಂದಳು. ಎರಡು ಕಡೆ ತಾನೇ ಹೆಚ್ಚು ಬರೆದದ್ದನ್ನೂ ಅವಳೇ ಹೇಳಿ, ಹೊಸ ಮೊತ್ತ ಓದಿದಳು: ಅರ್ಥಿಂಗ್ ಸೇರಿ ಒಂದು ಲಕ್ಷ ತೊಂಬತ್ತಮೂರು ಸಾವಿರದ ನಾನೂರು.

ಮತ್ತೆ ಸಭೆಯ ಕೋಣೆಗೆ ಬಂದು ಎಲ್ಲರೂ ಒಪ್ಪಿ ಕೈ ಎತ್ತಿದರು. ಗುಡದಪ್ಪರೂ ಎತ್ತಿದರು. ಕಾರ್ಯದರ್ಶಿ ಪುಸ್ತಕ ಮುಚ್ಚಲು ಹೊರಟಾಗ ಮೈಲಾರವ್ವ ಅಂಗೈಯನ್ನು ಪುಟದ ಮೇಲಿಟ್ಟಳು.

"ಹ್ವಾದ ಸಭಾದಾಗ ಕಮಿಷನ್ ಅಂತ ಒಂದ ಮಾತ ಬಂತು. ಅದನ್ನ ಇದರಾಗ ಬರದೀರೇನ್ರಿ?"

"ಇಲ್ರಿ. ಅಂಥಾದ್ದನ್ನ ಬರಿಯೂದಿಲ್ಲ."

"ಕಿವಿಯಾಗಂತೂ ಎಲ್ಲಾರಿಗೂ ಬಿದ್ದೈತಿ. ಹಂಗಾದ್ರ ಇದನ್ನ ಬರೀರಿ: ಈ ಖರ್ಚಿನ ಚೀಟಿನ್ನ ತಿರ್ಲಾಪುರದ ಮೈಲಾರವ್ವ ಹೊಳೆಯಪ್ಪ ಖುದ್ದ ಹೋಗಿ ಪರೀಕ್ಷಾ ಮಾಡ್ಯಾಳ. ಗಂಗಾ ಹುಚ್ಚಪ್ಪ ಬರದದ್ದು ಖರೆ ಐತಿ."

ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡಿದರು. ಅಷ್ಟರಲ್ಲಿ ಗುಡದಪ್ಪ ಗಂಟಲು ಸರಿಪಡಿಸಿಕೊಂಡು, ಇನ್ನೂ ಕೆಂಪಾಗಿದ್ದ ಕಣ್ಣು ಒರೆಸುತ್ತ, "ಬರೀರಿ" ಎಂದರು. "ನಾ ಅಂದದ್ದು ತಪ್ಪಾತು. ಅದನ್ನೂ ಬರೀರಿ ಬೇಕಾದ್ರ."

"ಅದು ಬ್ಯಾಡ್ರಿ," ಎಂದಳು ಗಂಗಾ ಮೆಲ್ಲಗೆ. "ನೀವ ಅಂದದ್ದ ಸಾಕು."

ಆ ಸಂಜೆ ಎಪಿಎಂಸಿಯ ಅಂಗಳದಲ್ಲಿ ಹುಚ್ಚಪ್ಪ ಚೀಲ ಇಳಿಸಿ ಬೆನ್ನು ನೆಟ್ಟಗೆ ಮಾಡುತ್ತಿದ್ದಾಗ ಸುದ್ದಿ ಮುಟ್ಟಿತು. ತನ್ನ ಹೆಸರು ಕಂಪನಿಯ ಪುಸ್ತಕದಲ್ಲಿ ಮಗಳ ಹೆಸರಿನ ಪಕ್ಕ ಬಂದಿದೆ ಎಂಬುದನ್ನು ಅವನು ಇಬ್ಬರ ಬಾಯಲ್ಲಿ ಎರಡು ಸಲ ಹೇಳಿಸಿಕೊಂಡ.

ಮೇ ತಿಂಗಳ ಎರಡನೆಯ ವಾರ ಬಿಸಿಲು ನಲವತ್ತೊಂದು ದಾಟಿತು. ಒಂದು ಬೆಳಿಗ್ಗೆ ಚೀಲ ಜೋಡಿಸುವಾಗ ತಳ್ಳುಗಾಡಿಯ ಚಕ್ರ ಹತ್ತಿ ಎರಡನೆಯ ಕೋಣೆಯ ಹೊರಗಿನ ವಾಯರು ತುಂಡಾಯಿತು. ಗಂಟೆ ಹೊಡೆಯಿತು. ಪರದೆಯ ಮೇಲಿನ ಅಂಕಿಗಳು ಒಂದು ಕ್ಷಣವೂ ನಿಲ್ಲಲಿಲ್ಲ. ಸುದ್ದಿ ಇನ್ನೊಂದು ದಿಕ್ಕಿನಿಂದ ಸುತ್ತಿ ಬಂತು. ಗಂಗಾ ಊಟದ ಹೊತ್ತಿಗೆ ವಾಯರು ಜೋಡಿಸಿ ಮೈಲಾರವ್ವನಿಗೆ ಫೋನು ಮಾಡಿದಳು. ಮೈಲಾರವ್ವ ಅದನ್ನು ಕೇಳಿ, ಕುರಿಹಟ್ಟಿಯ ಬೇಲಿ ಕಟ್ಟುತ್ತಿದ್ದ ಹೊಳೆಯಪ್ಪನಿಗೆ ಹೇಳಿದಳು. ಹೊಳೆಯಪ್ಪನಿಗೆ ಪೂರ್ತಿ ತಿಳಿಯಲಿಲ್ಲ. ಹೆಂಡತಿಯ ಮುಖ ನೋಡಿ, ದೊಡ್ಡದೇನೋ ಗೆದ್ದಿದ್ದಾಳೆಂದು ತಾನೂ ನಕ್ಕ.

ಆ ವರ್ಷದ ಚೀಲಗಳು ಜುಲೈನಲ್ಲಿ ಹೊರಗೆ ಬಂದಾಗ ಹಾಕಿದ ದಿನದ ಕೆಂಪು ಹಾಗೇ ಇತ್ತು. ಸುದ್ದಿ ಹರಡಿತು. ಆಗಸ್ಟಿನಲ್ಲಿ ಅಣ್ಣಿಗೇರಿಯಿಂದ ಕುಬೇರಪ್ಪ ಎಂಬವರು ಕಾರು ತೆಗೆದುಕೊಂಡು ತಿರ್ಲಾಪುರಕ್ಕೇ ಬಂದರು. ಹತ್ತಿಯಿಂದ ಕಾಳು ಬೇರ್ಪಡಿಸುವ ಮಿಲ್ಲಿನ ಮಾಲೀಕರು. ಹೊಸ ಯಂತ್ರ ಕೂರಿಸುತ್ತಿದ್ದೇವೆ, ಸ್ವಿಚ್ಚಿಗೆ ಮೂವರು ಮೂರು ದರ ಹೇಳುತ್ತಾರೆ, ಒಮ್ಮೆ ಬಂದು ನೋಡಬೇಕು ಎಂದರು.

"ಬರತೀನ್ರಿ," ಎಂದಳು ಮೈಲಾರವ್ವ. "ಆದ್ರ ಇಬ್ಬರು ಬರತೀವಿ. ಇಬ್ಬರಿಗೂ ದಿನದ ಪಗಾರ, ಅಕಿಗೆ ಹೆಚ್ಚ, ನನಗ ಕಡಿಮಿ."

ಅಣ್ಣಿಗೇರಿಯ ಮಿಲ್ಲಿನಲ್ಲಿ ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಗಂಗಾ ಮುಂದೆ, ಕೈಯಲ್ಲಿ ಬಿಸಿ ಅಳೆಯುವ ಸಾಧನ, ಕಿವಿಗೆ ಸಿಕ್ಕಿಸಿದ ಪೆನ್ನು. "ದರದ ಚೀಟಿ ಆಮ್ಯಾಲ ನೋಡೂಣ್ರಿ, ಮೊದಲ ಜಾಗಾ ತೋರಸ್ರಿ" ಎಂದು ಅವಳು ಮಾಲೀಕರಿಗೆ ಹೇಳುವುದು ಹಿಂದಿದ್ದ ಮೈಲಾರವ್ವನಿಗೆ ಕೇಳಿಸಿತು. ಕುಬೇರಪ್ಪ ಒಂದೆರಡು ಸಲ ಹಿಂದೆ ತಿರುಗಿ, "ಅವ್ವಾರ, ನೀವೇನಂತೀರಿ?" ಎಂದು ಕೇಳಿದರು.

"ಅಕಿನ್ನ ಕೇಳ್ರಿ," ಎಂದಳು ಮೈಲಾರವ್ವ. ಗೋಡೆಯ ಬದಿಯಲ್ಲಿದ್ದ ಹತ್ತಿ ಅಂಡಿಗೆಯ ಮೇಲೆ ಆರಾಮಾಗಿ ಕೂತು, ಎಲೆ ಅಡಿಕೆಯ ಚೀಲ ಬಿಚ್ಚಿದಳು. ಗಂಗಾ ಏಣಿ ಹತ್ತಿ ಪೆಟ್ಟಿಗೆಯ ಬಾಗಿಲು ತೆರೆಯುತ್ತಿದ್ದಳು. ಕೆಳಗೆ ನಿಂತ ನಾಲ್ಕೈದು ಮಂದಿ ಮೋರೆ ಮೇಲೆತ್ತಿ ಅವಳು ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದರು.